ಬೀಳ್ಕೊಡುಗೆಯ ಮಾತಿಗೂ ಒಂದು ಚೌಕಟ್ಟಿದೆ

ಅಮೆರಿಕದ ಪದವಿ ಪ್ರದಾನ ಭಾಷಣಗಳು ಯೂಟ್ಯೂಬಿನಲ್ಲಿ ಸಿಗತೊಡಗಿದ ಮೇಲೆ ಉತ್ತರ ಕನ್ನಡ ಜಿಲ್ಲೆಯ ಶಿರಸಿ, ಕುಮಟಾ, ಕಾರವಾರದ ಕಾಲೇಜುಗಳ ಬೀಳ್ಕೊಡುಗೆಯಲ್ಲೂ ಅದೇ ಧಾಟಿ ಕೇಳಿಬರುತ್ತಿದೆ. ಮೂರು ಕತೆ, ನಡುವೆ ಒಂದು ಸೋಲು, ಕೊನೆಗೆ ಕನಸಿನ ಬೆನ್ನು ಹತ್ತಿ ಎಂಬ ಕರೆ. ಅಮೆರಿಕದಲ್ಲಿದ್ದು ಎರಡೂ ಕಡೆಯ ಭಾಷಣ ಕೇಳುವ ನನಗೆ ಅನಿಸುವುದು, ಧಾಟಿಯೇನೋ ಬಂತು, ಆ ಧಾಟಿಗೆ ಕಾರಣವಾದ ಸಂದರ್ಭ ಬರಲಿಲ್ಲ.

ಅಲ್ಲಿ ಅತಿಥಿಯ ಭಾಷಣವೇ ಬೇರೆ, ವಿದ್ಯಾರ್ಥಿಯ ಭಾಷಣವೇ ಬೇರೆ. ಅತಿಥಿ ಏನನ್ನೂ ಹೇಳಬಹುದು. 1947ರ ಜೂನ್ 5ರಂದು ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಜಾರ್ಜ್ ಮಾರ್ಷಲ್ ಯುದ್ಧದಲ್ಲಿ ನಲುಗಿದ ಯುರೋಪಿಗೆ ನೆರವಿನ ಪ್ರಸ್ತಾಪ ಇಟ್ಟದ್ದು ಹಾರ್ವರ್ಡ್‌ನ ಪದವಿ ಪ್ರದಾನದ ದಿನವೇ. 2005ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಆಪಲ್ ಕಂಪನಿಯ ಸ್ಟೀವ್ ಜಾಬ್ಸ್ ಹೇಳಿದ ಮೂರು ಕತೆಗಳು ಐವತ್ತು ವರ್ಷ ಬದುಕಿದವರ ಕತೆಗಳು, ಅದೂ ಬರೆದು ತಂದು ಹದಿನೈದು ನಿಮಿಷದಲ್ಲಿ ಓದಿ ಮುಗಿಸಿದ್ದು. ಇಪ್ಪತ್ತೊಂದರ ಹುಡುಗಿ ಅದೇ ಅಚ್ಚಿನಲ್ಲಿ ಮಾತಾಡಿದರೆ ಸಭೆ ನಂಬುವುದಿಲ್ಲ. ಅಲ್ಲಿಯ ವಿದ್ಯಾರ್ಥಿ ಭಾಷಣಕಾರರೂ ಹಾಗೆ ಮಾತಾಡುವುದಿಲ್ಲ. ಅವರ ಕೆಲಸ ತರಗತಿಯ ಪರವಾಗಿ ‘ನಾವು’ ಎನ್ನುವುದು.

ಇನ್ನೊಂದು ವ್ಯತ್ಯಾಸ ಸಮಯದ್ದು. ಅಲ್ಲಿ ಓದು ಮುಗಿಸಿ, ತಂದೆತಾಯಿಯರ ಎದುರು ಸಮಾರಂಭ. ನಮ್ಮಲ್ಲಿ ಬೀಳ್ಕೊಡುಗೆ ನಡೆಯುವುದು ಸಾಮಾನ್ಯವಾಗಿ ಕೊನೆಯ ಸೆಮಿಸ್ಟರ್ ಪರೀಕ್ಷೆಗೆ ಮುಂಚೆ. ಪದವಿ ಕೊಡುವುದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ. ಘಟಿಕೋತ್ಸವ ಆಗುವುದು ಅಲ್ಲಿ, ರಾಜ್ಯಪಾಲರ ಅಧ್ಯಕ್ಷತೆಯಲ್ಲಿ. ಜಿಲ್ಲೆಯ ಬಹುಪಾಲು ಮಕ್ಕಳು ಅಲ್ಲಿಗೆ ಹೋಗುವುದೇ ಇಲ್ಲ. ಹಾಗಾಗಿ ಪರೀಕ್ಷೆ ಎದುರಿಗಿರುವಾಗ ‘ನಾವು ಗೆದ್ದೆವು’ ಎಂಬ ಮಾತು ಕಾಲಕ್ಕೆ ಮೊದಲೇ ಬಂದಂತೆ. ಬೀಳ್ಕೊಡುಗೆಯ ಸ್ವರ ಕೃತಜ್ಞತೆಯದ್ದು, ಅಗಲಿಕೆಯದ್ದು. ಆ ಸ್ವರವನ್ನು ಬಿಟ್ಟುಕೊಡಬಾರದು.

ಹಾಗೆಂದು ನಮ್ಮ ಹಳೆಯ ಪದ್ಧತಿಯೆಲ್ಲ ಸರಿಯೆಂದಲ್ಲ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ದೀಪ ಬೆಳಗುವುದು, ವಿದ್ಯಾರ್ಥಿಗಳ ಅನಿಸಿಕೆ, ಅತಿಥಿಗಳ ಮಾತು, ಅಧ್ಯಕ್ಷೀಯ ಭಾಷಣ, ವಂದನಾರ್ಪಣೆ. ಸ್ವಾಗತದವರು ಎಲ್ಲರ ಹೆಸರು ಹೇಳಿರುತ್ತಾರೆ. ಆದರೂ ಅನಿಸಿಕೆ ಹೇಳಲು ಬಂದವರು ‘ವೇದಿಕೆಯ ಮೇಲೆ ಆಸೀನರಾಗಿರುವ’ ಎಂದು ಮತ್ತೆ ಶುರು ಮಾಡುತ್ತಾರೆ. ಐದು ನಿಮಿಷದಲ್ಲಿ ಒಂದೂವರೆ ನಿಮಿಷ ಅಲ್ಲೇ ಹೋಯಿತು, ಮುಖ ವೇದಿಕೆಯ ಕಡೆಗೆ, ಬೆನ್ನು ಗೆಳೆಯರ ಕಡೆಗೆ. ‘ವೇದಿಕೆಯ ಎಲ್ಲ ಹಿರಿಯರಿಗೆ ನಮಸ್ಕಾರ’ ಎಂಬ ಒಂದೇ ವಾಕ್ಯದಲ್ಲಿ ಗೌರವ ಪೂರ್ತಿ ಸಲ್ಲುತ್ತದೆ.

ಚೌಕಟ್ಟಿನೊಳಗೇ ತನ್ನ ಮಾತು ಆಡುವುದು ಹೇಗೆಂದು ಉತ್ತರ ಕನ್ನಡದವರಿಗೆ ತಾಳಮದ್ದಳೆಯ ಮೂಲಕ ಹೇಳುವುದು ಸುಲಭ. ಅದು ವೇಷ, ಕುಣಿತವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ. ಹಾಡುವ ಭಾಗವತರ ಪದ್ಯ, ಪ್ರಸಂಗ, ಪಾತ್ರ ಎಲ್ಲ ಮೊದಲೇ ಗೊತ್ತು. ಪಾತ್ರವಾಗಿ ಮಾತಾಡುವ ಅರ್ಥಧಾರಿ ಆ ಪದ್ಯದೊಳಗೇ ಹೊಸ ಮಾತು ಹುಟ್ಟಿಸುತ್ತಾನೆ. ಕರ್ಣನ ಪಾತ್ರಕ್ಕೆ ಕೂತವನು ಕೃಷ್ಣನ ಅರ್ಥ ಹೇಳಿದರೆ ಎಷ್ಟು ಚೆನ್ನಾಗಿ ಹೇಳಿದರೂ ಪ್ರಸಂಗ ಕೆಡುತ್ತದೆ. ವಿದ್ಯಾರ್ಥಿ ಉಪದೇಶಕ್ಕಿಳಿದಾಗ ಆಗುವುದೂ ಅದೇ.

ಉಪದೇಶ ಗುರುವಿನ ಪಾಲಿನದು. ತೈತ್ತಿರೀಯ ಉಪನಿಷತ್ತಿನ ಶೀಕ್ಷಾವಲ್ಲಿಯಲ್ಲಿ ಓದು ಮುಗಿಸಿದ ಶಿಷ್ಯನಿಗೆ ಆಚಾರ್ಯರು ಸತ್ಯ ಹೇಳು, ಧರ್ಮದಲ್ಲಿ ನಡೆ, ಅಧ್ಯಯನ ಬಿಡಬೇಡ ಎಂದು ಚಿಕ್ಕ ಚಿಕ್ಕ ವಾಕ್ಯಗಳಲ್ಲಿ ಹೇಳುತ್ತಾರೆ. ನಮ್ಮಲ್ಲಿ ಒಳ್ಳೆಯ ನಡತೆ ಯಾವುದೋ ಅದನ್ನಷ್ಟೇ ಅನುಸರಿಸು, ಉಳಿದದ್ದನ್ನಲ್ಲ ಎಂದೂ ಸೇರಿಸುತ್ತಾರೆ. ಮುಕ್ಕಾಲು ಗಂಟೆ ಮಾತಾಡುವ ಅತಿಥಿಗಳು ಉಪನಿಷತ್ತಿನ ಆ ಭಾಗವನ್ನೊಮ್ಮೆ ಓದಿಕೊಂಡು ಬಂದರೆ ಎಷ್ಟೋ ಒಳ್ಳೆಯದು.

ಅನಿಸಿಕೆ ಹೇಳಲಿರುವ ವಿದ್ಯಾರ್ಥಿಗಳು ಭಾಷಣ ಬರೆಯುವಾಗ ಹೀಗೆ ಮಾಡಿ. ಐದು ನಿಮಿಷಕ್ಕೆ 400ರಿಂದ 450 ಪದ ಸಾಕು. ಮೊದಲ ಅರ್ಧ ನಿಮಿಷ ವಂದನೆ. ಆಮೇಲೆ ಎರಡು ನಿಮಿಷ ಇಡೀ ತರಗತಿ ಕಂಡ ಒಂದು ಸಂಗತಿ. ನಾಲ್ಕೈದು ಗೆಳೆಯರಿಗೆ ಮಾತ್ರ ಗೊತ್ತಿರುವ ಹಾಸ್ಯ ಬೇಡ, ಹಿಂದಿನ ಸಾಲಿನಲ್ಲಿ ಕೂತವರು ಅಲ್ಲೇ ಕಳಚಿಕೊಳ್ಳುತ್ತಾರೆ. ಮುಂದಿನ ಒಂದೂವರೆ ನಿಮಿಷ ಕೃತಜ್ಞತೆ. ‘ಜ್ಞಾನದ ದೀವಿಗೆ ಹಚ್ಚಿದ ಗುರುವೃಂದ’ ಎಂಬುದು ಯಾವ ಕಾಲೇಜಿಗೂ ಹೊಂದುವ ಮಾತು, ಅದಕ್ಕೇ ಯಾರ ಮನಸ್ಸಿಗೂ ತಾಗುವುದಿಲ್ಲ. ‘ಮಳೆಗೆ ದೇವಿಮನೆ ಘಟ್ಟದಲ್ಲಿ ಬಸ್ಸು ನಿಂತ ದಿನ ತಪ್ಪಿದ ಪ್ರಾಕ್ಟಿಕಲ್ಲನ್ನು ಶನಿವಾರ ಮಧ್ಯಾಹ್ನ ಕೂತು ಮಾಡಿಸಿದ ಮೇಡಮ್’ ಎನ್ನಿ. ಹೆಸರು ಹೇಳುವ ಮೊದಲೇ ಸಭೆಗೆ ಅವರು ಯಾರೆಂದು ಗೊತ್ತಾಗುತ್ತದೆ. ಉಳಿದ ಒಂದು ನಿಮಿಷ ಗೆಳೆಯರ ಕಡೆ ತಿರುಗಿ ಆಡುವ ಮಾತಿಗೆ.

ದುಃಖದ ಸಂಗತಿಯಿದ್ದರೆ ಹೆಚ್ಚು ಜಾಗ್ರತೆ ಬೇಕು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದದ್ದನ್ನು ಕರಾವಳಿಯ ಆ ವರ್ಷದ ಮಕ್ಕಳು ಮರೆಯಲಾರರು. ಅದನ್ನು ಹೇಳಲೇಬೇಕೆನಿಸಿದರೆ ಎರಡು ವಾಕ್ಯದಲ್ಲಿ ನೆನೆದು, ಒಂದು ಕ್ಷಣ ಸುಮ್ಮನಿದ್ದು ಮುಂದೆ ಹೋಗಬೇಕು. ಸತ್ತವರಿಂದ ಸಭೆಗೆ ಪಾಠ ತೆಗೆಯಬಾರದು.

ಬರೆದದ್ದನ್ನು ಗಡಿಯಾರ ಇಟ್ಟುಕೊಂಡು ಗಟ್ಟಿಯಾಗಿ ಓದಿ ನೋಡಿ. ಉಸಿರು ಸಾಲದ ಕಡೆ ವಾಕ್ಯ ಕತ್ತರಿಸಿ. ವಂದನಾರ್ಪಣೆ ಯಾರದೆಂದು ಮೊದಲೇ ಕೇಳಿಕೊಂಡರೆ ಎರಡೂ ಕಡೆ ಒಂದೇ ಪಟ್ಟಿ ಬರುವುದಿಲ್ಲ. ಆ ಪಟ್ಟಿಯಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವವರು ಲೈಬ್ರರಿಯವರು, ಲ್ಯಾಬ್ ಅಟೆಂಡರ್, ಕಸ ಗುಡಿಸುವ ಅಕ್ಕ. ಅವರ ಹೆಸರನ್ನು ಅವರನ್ನೇ ಕೇಳಿ, ಸರಿಯಾಗಿ ಬರೆದುಕೊಳ್ಳಿ.