ಶಿಳ್ಳೆಗೂ ಒಂದು ಆರ್ಕೆಸ್ಟ್ರಾ

ನಮ್ಮ ಮನೆಗಳಲ್ಲಿ ಶಿಳ್ಳೆಗೆ ಮರ್ಯಾದೆ ಇಲ್ಲ. ರಾತ್ರಿ ಹೊಡೆದರೆ ಹಾವು ಬರುತ್ತದೆ ಅನ್ನುತ್ತಾರೆ. ಹಗಲು ಹೊಡೆದರೆ ಪೋಲಿ ಅನ್ನುತ್ತಾರೆ. ಹೆಣ್ಣುಮಕ್ಕಳು ಹೊಡೆದರಂತೂ ಅಜ್ಜಿ ಊರು ಒಂದು ಮಾಡುತ್ತಾಳೆ. ಇದ್ದದ್ದರಲ್ಲಿ ಅದಕ್ಕೆ ಜಾಗ ಕೊಟ್ಟಿದ್ದು ಟಾಕೀಸಿನ ಗಾಂಧಿಕ್ಲಾಸು. ಅಣ್ಣಾವ್ರು ತೆರೆಯ ಮೇಲೆ ಬಂದರೆ ಸಾಕು, ಮುಂದಿನ ಬೆಂಚಿನಿಂದ ಶಿಳ್ಳೆ ಏಳುತ್ತಿತ್ತು, ಬಾಲ್ಕನಿಯವರು ಮುಖ ಸಿಂಡರಿಸುತ್ತಿದ್ದರು.

ಹೀಗೆ ತೆರೆಯ ಈಚೆಗಿದ್ದ ಶಿಳ್ಳೆಯನ್ನು ಆಚೆಗೆ ಕರೆದೊಯ್ದು, ಪಿಟೀಲಿನವರ ಪಕ್ಕದಲ್ಲೇ ಕುರ್ಚಿ ಹಾಕಿಸಿದವರು ಇಟಲಿಯ ಸಿನಿಮಾ ಸಂಗೀತ ನಿರ್ದೇಶಕ ಎನ್ನಿಯೊ ಮೋರಿಕೋನೆ. ಸಿನಿಮಾದಲ್ಲಿ ಅದಕ್ಕೂ ಮುಂಚೆ ಯಾರೂ ಶಿಳ್ಳೆ ಹೊಡೆದಿರಲಿಲ್ಲ ಅಂತಲ್ಲ. ಆದರೆ ಹೀರೋ ಬಾಯಿ ಬಿಡುವ ಮೊದಲೇ ಅವನ ಪರವಾಗಿ ಶಿಳ್ಳೆ ಮಾತಾಡಿದ್ದು ಇವರಿಂದ. ಹೆಸರು ಗೊತ್ತಿಲ್ಲದವರಿಗೂ ಅವರ ಒಂದು ರಾಗ ಗೊತ್ತು. ಎಷ್ಟೋ ಜನರ ಮೊಬೈಲಿನಲ್ಲಿ ರಿಂಗ್‌ಟೋನ್ ಆಗಿ ಕೂಗಿಕೊಂಡಿದೆ.

ಹುಟ್ಟಿದ್ದು 1928ರಲ್ಲಿ, ರೋಮ್‌ನಲ್ಲಿ. ಅಪ್ಪ ಟ್ರಂಪೆಟ್ ನುಡಿಸಿ ಸಂಸಾರ ಸಾಕುತ್ತಿದ್ದರು. ಮಗನೂ ಅದನ್ನೇ ಕಲಿತ. ಯುದ್ಧದ ಕಾಲದಲ್ಲಿ ಸೈನಿಕರ ಮುಂದೆ ನುಡಿಸಿದರೆ ದುಡ್ಡಿನ ಬದಲು ಊಟ ಸಿಗುತ್ತಿತ್ತು. ಆಮೇಲೆ ಸಾಂಟಾ ಚೆಚೀಲಿಯಾ ಸಂಗೀತ ಶಾಲೆಯಲ್ಲಿ ಪೆತ್ರಾಸ್ಸಿ ಎಂಬ ದೊಡ್ಡ ಗುರುಗಳ ಹತ್ತಿರ ಶಾಸ್ತ್ರೀಯ ರಚನೆ ಕಲಿತು 1954ರಲ್ಲಿ ಡಿಪ್ಲೊಮಾ ಪಡೆದರು. ಇಂಥ ಗುರುವಿನ ಶಿಷ್ಯ ಸಿನಿಮಾ ಹಾಡಿಗೆ ಕೈ ಹಾಕೋದು ಅಂದರೆ ಆಗ ಸ್ವಲ್ಪ ನಾಚಿಕೆಯ ವಿಷಯವೇ. ಆದರೆ ಮದುವೆಯಾಗಿತ್ತು, ಮಕ್ಕಳಾಗುತ್ತಿದ್ದವು, ಮನೆ ನಡೀಬೇಕಲ್ಲ.

ಹಾಗಾಗಿ ಆರ್‌ಸಿಎ ರೆಕಾರ್ಡ್ ಕಂಪನಿಯ ಹಾಡುಗಳಿಗೆ ವಾದ್ಯಸಂಯೋಜನೆ ಮಾಡಿಕೊಡತೊಡಗಿದರು. 1960ರಲ್ಲಿ ಒಂದು ಹಾಡು ಬಂತು. ವಿಷಯ, ಖಾಲಿ ಡಬ್ಬ. ಬೇರೆಯವರಾಗಿದ್ದರೆ ಡಬ್ಬ ಅನ್ನೋ ಪದ ಬಂದಾಗ ಡ್ರಮ್ಮನ್ನು ಎರಡು ಸಲ ತಟ್ಟಿಸಿ ಸುಮ್ಮನಾಗುತ್ತಿದ್ದರೇನೋ. ಇವರು ನಿಜವಾದ ತಗಡಿನ ಡಬ್ಬವನ್ನೇ ಸ್ಟುಡಿಯೋಗೆ ತರಿಸಿ ಉರುಳಿಸಿದರು. ಹಾಡು ಗೆದ್ದಿತು. ನನಗಂತೂ ಮೋರಿಕೋನೆಯ ಇಡೀ ಬದುಕು ಆ ಡಬ್ಬದಲ್ಲೇ ಇದೆ ಅನ್ನಿಸುತ್ತದೆ. ಯಾವುದನ್ನು ನಾವು ಬರೀ ಗಲಾಟೆ ಅಂತ ಬೈಯುತ್ತೇವೋ ಅದಕ್ಕೆ ಅವರು ಕಿವಿ ಕೊಡುತ್ತಿದ್ದರು.

ಸೆರ್ಜಿಯೋ ಲಿಯೋನೆ ಎಂಬ ನಿರ್ದೇಶಕ ಕೌಬಾಯ್ ಸಿನಿಮಾಕ್ಕೆ ಸಂಗೀತ ಬೇಕೆಂದು ಮನೆಗೆ ಬಂದರು. ನೋಡಿದರೆ ಇಬ್ಬರೂ ಪ್ರೈಮರಿ ಶಾಲೆಯಲ್ಲಿ ಒಂದೇ ಕ್ಲಾಸು! ಚಿಕ್ಕಂದಿನ ಮುಖ ಮರೆಯದಿದ್ದವರು ಮೋರಿಕೋನೆ. ಆ ಸಿನಿಮಾ, 'ಎ ಫಿಸ್ಟ್‌ಫುಲ್ ಆಫ್ ಡಾಲರ್ಸ್', 1964ರಲ್ಲಿ ಬಂತು. ಅಮೆರಿಕದವರು ತೆಗೆದದ್ದು ಅನ್ನಿಸಲಿ ಅಂತ ಇಟಲಿಯವರೆಲ್ಲ ಸುಳ್ಳು ಹೆಸರು ಇಟ್ಟುಕೊಂಡರು. ಮೋರಿಕೋನೆ 'ಡ್ಯಾನ್ ಸಾವಿಯೊ' ಆದರು. ಹೆಸರು ಸುಳ್ಳು, ಶಿಳ್ಳೆ ಮಾತ್ರ ಅಸಲಿ. ಹೊಡೆದವರು ಅಲೆಸಾಂಡ್ರೋನಿ. ಗಿಟಾರ್ ನುಡಿಸುತ್ತಿದ್ದ, ತಮ್ಮದೇ ಗಾಯಕರ ತಂಡ ಕಟ್ಟಿದ್ದ ಮನುಷ್ಯ. ಅವರ ಶಿಳ್ಳೆಯ ಹಿಂದೆ ಚಾಟಿಯ ಏಟು, ಗಂಟೆಯ ಸದ್ದು. ಮುಂದಿನ ಸಿನಿಮಾದಲ್ಲಿ ಮೋರ್ಸಿಂಗ್ ಕೂಡ ಬಂತು. ಹೌದು, ನಮ್ಮ ಕಛೇರಿಗಳಲ್ಲಿ ಮೃದಂಗದವರ ಪಕ್ಕ ಪಾಪ ಸುಮ್ನೆ ಕೂತು ಸರದಿ ಕಾಯುತ್ತದಲ್ಲ, ಅದರದೇ ಸಿಸಿಲಿಯ ಸೋದರ. ಅಲ್ಲಿ ಅದು ಬಂದೂಕಿನವರಿಗೆ ಪಕ್ಕವಾದ್ಯ.

1966ರ 'ದಿ ಗುಡ್, ದಿ ಬ್ಯಾಡ್ ಅಂಡ್ ದಿ ಅಗ್ಲಿ'ಯಲ್ಲಿ ಮೂವರು ನಾಯಕರು. ಮೂವರಿಗೂ ಒಂದೇ ಪಲುಕು, ಕಯೋಟಿ ಎಂಬ ಕಾಡುಪ್ರಾಣಿ ಊಳಿಡುವ ಹಾಗೆ. ಆದರೆ ಒಳ್ಳೆಯವನಿಗೆ ಕೊಳಲು, ಕೆಟ್ಟವನಿಗೆ ಒಕರಿನಾ ಎಂಬ ಊದುವ ವಾದ್ಯ, ಮೂರನೆಯವನಿಗೆ ಮನುಷ್ಯರ ಕಂಠ. ಒಂದೇ ಊಳನ್ನು ಮೂವರಿಗೆ ಹಂಚಿಬಿಟ್ಟರು. ಯಾರು ಒಳ್ಳೆಯವರು, ಯಾರು ಕೆಟ್ಟವರು ಅನ್ನೋದರ ಬಗ್ಗೆ ಆ ಸಿನಿಮಾಕ್ಕಿರುವ ಅನುಮಾನ ಇಷ್ಟರಲ್ಲೇ ಗೊತ್ತಾಗುತ್ತದೆ ಅಲ್ವಾ?

ನನಗೆ ಜಾಸ್ತಿ ಇಷ್ಟ ಮಾತ್ರ ಅವರು ಏನೂ ನುಡಿಸದೆ ಬಿಟ್ಟ ದೃಶ್ಯ. ಫ್ಲಾರೆನ್ಸಿನಲ್ಲಿ ಒಮ್ಮೆ ಸಂಗೀತ ಕೇಳಲು ಹೋಗಿದ್ದರಂತೆ. ವೇದಿಕೆಗೆ ಬಂದವನು ಒಂದು ಏಣಿ ತಂದು ಅದನ್ನು ಕಿರ್ರೆನ್ನಿಸುತ್ತಾ ಹೋದ. ಅದೇ ಕಛೇರಿ! ಈ ಕಥೆಯನ್ನು ಲಿಯೋನೆಗೆ ಹೇಳಿದರು. 1968ರ 'ಒನ್ಸ್ ಅಪಾನ್ ಎ ಟೈಮ್ ಇನ್ ದಿ ವೆಸ್ಟ್' ಶುರುವಾಗುವುದು ಹಾಗೆಯೇ. ರೈಲು ನಿಲ್ದಾಣದಲ್ಲಿ ಮೂರು ಜನ ಕಾಯುತ್ತಿದ್ದಾರೆ. ಎಣ್ಣೆ ಕಾಣದ ಗಾಳಿಯಂತ್ರ ಕಿರುಗುಡುತ್ತಿದೆ. ಒಬ್ಬನ ಟೋಪಿಯ ಮೇಲೆ ನೀರು ತೊಟ್ಟಿಕ್ಕುತ್ತಿದೆ. ಇನ್ನೊಬ್ಬನ ಗಡ್ಡದ ಮೇಲೆ ನೊಣ. ಅವನು ಅದನ್ನು ಪಿಸ್ತೂಲಿನ ನಳಿಗೆಯೊಳಗೆ ಹಿಡಿದು, ಬೆರಳಿಟ್ಟು ಮುಚ್ಚಿ, ಒಳಗಿನ ಗುಂಯ್ ಸದ್ದು ಕೇಳುತ್ತಾ ನಗುತ್ತಾನೆ. ಪಿಟೀಲಿಲ್ಲ, ಡ್ರಮ್ಮಿಲ್ಲ. ರೈಲು ಬಂದು ಹೋದ ಮೇಲೆ ಮೌತ್‌ಆರ್ಗನ್ನಿನ ಒಂದು ನರಳಿಕೆ. ಈಗಿನ ಸಿನಿಮಾಗಳಲ್ಲಿ ಹೀರೋ ಚಪ್ಪಲಿ ಹಾಕಿಕೊಂಡರೂ ನೂರು ಡ್ರಮ್ಮು ಬಡಿಯುವವರು ಇದನ್ನೊಂದು ಸಲ ನೋಡಬೇಕು.

ನಾನೂರಕ್ಕೂ ಹೆಚ್ಚು ಸಿನಿಮಾಗಳಿಗೆ ಸಂಗೀತ ಕೊಟ್ಟರು. ಅದರಲ್ಲಿ ಕೌಬಾಯ್‌ಗಳದ್ದು ಸಣ್ಣ ಪಾಲು. ಆದರೂ ಸಿಕ್ಕವರೆಲ್ಲ ಅದನ್ನೇ ಕೇಳುತ್ತಾರೆ ಅಂತ ಅವರಿಗೆ ಸಿಡಿಮಿಡಿ. ಹಾಲಿವುಡ್ ಕರೆದರೂ ರೋಮ್ ಬಿಡಲಿಲ್ಲ, ಇಂಗ್ಲಿಷ್ ಕಲಿಯಲಿಲ್ಲ. ಐದು ಸಲ ನಾಮನಿರ್ದೇಶನಗೊಂಡರೂ ಆಸ್ಕರ್ ಸಿಗಲಿಲ್ಲ. 'ದಿ ಮಿಷನ್' ಸಂಗೀತಕ್ಕೂ ತಪ್ಪಿದ್ದು ನನಗೆ ಇವತ್ತಿಗೂ ಸಿಟ್ಟು. 2007ರಲ್ಲಿ ಗೌರವ ಪ್ರಶಸ್ತಿ ಕೊಟ್ಟರು. ಇಟಾಲಿಯನ್‌ನಲ್ಲೇ ಮಾತಾಡಿದರು. ಪಕ್ಕದಲ್ಲಿ ನಿಂತು ಇಂಗ್ಲಿಷಿಗೆ ಹೇಳಿದ್ದು ಅವರ ಹಳೆಯ ಕೌಬಾಯ್ ಹೀರೋ ಕ್ಲಿಂಟ್ ಈಸ್ಟ್‌ವುಡ್. ಒಂದು ಕಾಲಕ್ಕೆ ಈ ಹೀರೋ ಪರವಾಗಿ ಮೋರಿಕೋನೆ ಮಾತಾಡಿದ್ದರು, ಸಾಲ ತೀರಿತು ಅನ್ನಿ. ಸ್ಪರ್ಧೆಯಲ್ಲಿ ಗೆದ್ದ ಆಸ್ಕರ್ ಕೈಗೆ ಬಂದಿದ್ದು 2016ರಲ್ಲಿ, 87ನೇ ವಯಸ್ಸಿಗೆ.

ಆಸ್ಕರ್‌ನವರಿಗಿಂತ ಮೊದಲು ತೀರ್ಪು ಕೊಡುತ್ತಿದ್ದವರು ಮಾತ್ರ ಮನೆಯಲ್ಲೇ ಇದ್ದರು. ಒಂದೊಂದು ಸಿನಿಮಾಕ್ಕೂ ಹಲವು ರಾಗ ಬರೆಯುತ್ತಿದ್ದರು ಮೋರಿಕೋನೆ. ಎಲ್ಲವನ್ನೂ ಮುಂದಿಟ್ಟರೆ ನಿರ್ದೇಶಕರು ಸರಿಯಾಗಿ ಹುಡುಕಿ ಕೆಟ್ಟದ್ದನ್ನೇ ಆರಿಸುತ್ತಿದ್ದರಂತೆ. ಹಾಗಾಗಿ ಮೊದಲು ಹೆಂಡತಿ ಮರಿಯಾಗೆ ಕೇಳಿಸುವುದು. ಆಕೆ ಸಂಗೀತ ಕಲಿತವರಲ್ಲ. ಆಕೆ ಬೇಡ ಅಂದದ್ದು ಬುಟ್ಟಿಗೆ, ಹೂಂ ಅಂದದ್ದಷ್ಟೇ ನಿರ್ದೇಶಕರ ಕಿವಿಗೆ. ಪಾಪ, ಅವರು ತಾವೇ ಆರಿಸಿದೆವು ಅಂದುಕೊಂಡು ಖುಷಿಯಾಗಿ ಹೋಗುತ್ತಿದ್ದರು.