ತಟ್ಟಿ ನೋಡಿ ಕೊಂಡ ಮನೆ

ಇವತ್ತು ಬೆಳಿಗ್ಗೆ ಆರಕ್ಕೆ ಹೆಗಲ ಮೇಲೆ ಟವೆಲ್ಲು, ಕೈಯಲ್ಲಿ ಸೋಪಿನ ಡಬ್ಬಿ ಹಿಡಿದು ಪಕ್ಕದ ಮನೆಯ ಬೆಲ್ ಒತ್ತಿದೆ. ಇದು ನಾಲ್ಕನೇ ದಿನ. ಮೊದಲ ದಿನ ಆ ಮನೆಯಾಕೆ ನಗುತ್ತಾ ಬಾಗಿಲು ತೆಗೆದಿದ್ದರು. ಇವತ್ತು ಬಾಗಿಲು ಮಾತ್ರ ತೆಗೆದರು. ಮನೆ ಕೊಂಡು ಇನ್ನೂ ಮೂರು ತಿಂಗಳಾಗಿಲ್ಲ, ಸ್ನಾನಕ್ಕೆ ಇನ್ನೊಬ್ಬರ ಮನೆ! ನಮ್ಮ ಬಚ್ಚಲಲ್ಲಿ ನೀರು ಕೆಳಗಿಳಿಯುವುದಿಲ್ಲ, ಮೇಲೆ ಬರುತ್ತದೆ. ಬರೀ ನೀರಾಗಿದ್ದರೆ ಹೇಗೋ ಸಹಿಸಬಹುದಿತ್ತು.

ತಪ್ಪು ಯಾರದ್ದು ಅಂದರೆ, ನಮ್ಮನೆಯವರ ಬೆರಳಿನದ್ದು. ಏನೇ ಕೊಳ್ಳಲಿ, ಬೆರಳು ಮಡಚಿ ತಟ್ಟಿ ನೋಡುವ ಚಟ ಅವರಿಗೆ. ಮಡಕೆ ತಟ್ಟುತ್ತಾರೆ, ಸರಿ. ಮೇಜು ತಟ್ಟುತ್ತಾರೆ, ಅದೂ ಸರಿ. ದಿಂಬು ತಟ್ಟಿದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಈ ಮನೆ ನೋಡಲು ಬಂದ ದಿನ ಗೇಟಿನಿಂದಲೇ ಶುರು. ಗೋಡೆಗೆ ಟಕ್ ಟಕ್. ತಲೆ ಓರೆ ಮಾಡಿ, ಕಣ್ಣು ಮುಚ್ಚಿ, ಡಾಕ್ಟರು ಬೆನ್ನು ತಟ್ಟಿ ಕಫ ಹುಡುಕುವ ಹಾಗೆ ಕೇಳಿಸಿಕೊಳ್ಳುವುದು. "ಹೂಂ" ಅನ್ನುವುದು. ಮುಂದಿನ ಗೋಡೆ. ಮನೆ ಮಾರುವ ಹಿರಿಯರು ಹಿಂದೆಯೇ ಬರುತ್ತಾ "ಹಳೇ ಕಾಲದ ಕೆಲಸ, ಗಟ್ಟಿ" ಅನ್ನುತ್ತಿದ್ದರು. ಇವರು ತಟ್ಟುವುದು, ಅವರು ಗಟ್ಟಿ ಅನ್ನುವುದು. ಟಕ್ ಟಕ್, ಗಟ್ಟಿ. ಟಕ್ ಟಕ್, ಗಟ್ಟಿ. ಬಾಗಿಲು, ಕಿಟಕಿ, ಮೆಟ್ಟಿಲ ಕಂಬಿ, ಕೊನೆಗೆ ಖಾಲಿ ಕಪಾಟು ಕೂಡ ಪರೀಕ್ಷೆ ಪಾಸಾಯಿತು. ನೆಲವನ್ನು ಮಾತ್ರ ತಟ್ಟಲಿಲ್ಲ. ಬಗ್ಗಿದರೆ ಅವರಿಗೆ ಸೊಂಟ ಹಿಡಿಯುತ್ತದೆ.

ಪಾಪ, ಮನೆ ಅವತ್ತೇ ಎಲ್ಲ ಹೇಳಿತ್ತು. ಅಂಗಳದಲ್ಲಿ ಒಂದು ಪಟ್ಟೆ ಹುಲ್ಲು ಮಾತ್ರ ಹಚ್ಚಹಸಿರಾಗಿತ್ತು. "ಎಷ್ಟು ಚೆಂದ ನೋಡ್ರೀ" ಅಂದವಳು ನಾನೇ. ಆ ಹುಲ್ಲಿಗೆ ಗೊಬ್ಬರ ಎಲ್ಲಿಂದ ಹೋಗುತ್ತಿತ್ತು ಅಂತ ಈಗ ಗೊತ್ತು. ಫ್ಲಶ್ ಮಾಡಿದರೆ ಬಚ್ಚಲ ಜಾಲರಿಯಲ್ಲಿ ಗುಳುಗುಳು ಅನ್ನುತ್ತಿತ್ತು. ಹಳೇ ಮನೆ ಮಾತಾಡುತ್ತೆ ಅಂತ ನಕ್ಕೆವು. ಕಲ್ಲುಹಾಸು ಒಂದು ಕಡೆ ಕುಸಿದಿತ್ತು. ಮಳೆ ಬಂದರೆ ಮಕ್ಕಳು ಕಾಗದದ ದೋಣಿ ಬಿಡಬಹುದು ಅಂದುಕೊಂಡೆವು. ರೋಗದ ಲಕ್ಷಣ ಒಂದೊಂದನ್ನೂ ಸೊಬಗು ಅಂದುಕೊಂಡು ದುಡ್ಡು ಕೊಟ್ಟವರು ನಾವು.

ಮೊನ್ನೆ ಬಂದ ಪ್ಲಂಬರ್ ಎಲ್ಲ ಕೇಳಿಸಿಕೊಂಡು, "ಒಂದೇ ಕಡೆ ನೀರು ನಿಂತರೆ ಅಲ್ಲಿನ ಪೈಪಿನ ತೊಂದರೆ. ಎಲ್ಲ ಕಡೆ ಒಟ್ಟಿಗೆ ನಿಂತರೆ ಮೇನ್ ಲೈನೇ ಹೋಗಿದೆ ಅಂತ ಮೇಡಂ" ಅಂದ. ಆಮೇಲೆ ತುದಿಗೆ ಲೈಟು, ಕ್ಯಾಮೆರಾ ಇರುವ ಉದ್ದನೆಯ ಕೇಬಲ್ಲನ್ನು ಚೇಂಬರಿನಿಂದ, ಅಂದರೆ ಪೈಪು ಬಂದು ಸೇರುವ ಮುಚ್ಚಳದ ಗುಂಡಿಯಿಂದ, ಒಳಗೆ ತಳ್ಳಿದ. ಅಂಗೈಯಗಲದ ಸ್ಕ್ರೀನು. ಅದರ ಸುತ್ತ ನಾವು, ಮಕ್ಕಳು, ಪಕ್ಕದ ಮನೆಯವರು, ದಾರಿಯಲ್ಲಿ ಹೋಗುತ್ತಿದ್ದ ಇಬ್ಬರು. ಬಸುರಿಯ ಸ್ಕ್ಯಾನಿಂಗ್ ನೋಡುವ ಹಾಗೆ ಎಲ್ಲರೂ ಉಸಿರು ಬಿಗಿಹಿಡಿದು ನಿಂತಿದ್ದೆವು. ಮಸುಕು ಗವಿ, ಒಂದಿಷ್ಟು ನೀರು. "ಕೂದಲು ಕಾಣಿಸ್ತಿದೆ!" ಅಂದರು ಪಕ್ಕದ ಮನೆಯಾಕೆ. "ಅಬ್ಬಾ, ಎಷ್ಟೊಂದು ಕೂದಲು!" ನಿಜಕ್ಕೂ ಜಡೆಯಷ್ಟು ದಪ್ಪ ಇತ್ತು. ನಮ್ಮನೆಯವರಿಗೆ ತಡೆಯಲಾಗಲಿಲ್ಲ. ಬಗ್ಗಿ, ಸ್ಕ್ರೀನಿಗೆ ಟಕ್ ಟಕ್ ಅಂತ ತಟ್ಟಿದರು. ಚಿತ್ರ ಮಾಯ.

"ಸಾರ್, ದಯವಿಟ್ಟು ತಟ್ಟಬೇಡಿ" ಅಂದ ಪ್ಲಂಬರ್. ಮದುವೆಯಾದಾಗಿನಿಂದ ನಾನು ಹೇಳಬೇಕೆಂದಿದ್ದ ಮಾತು.

ಅದು ಕೂದಲಲ್ಲ, ಬೇರು. ನಮ್ಮದು ಮಣ್ಣಿನ ಪೈಪು. ಅದು ತುಕ್ಕು ಹಿಡಿಯುವುದಿಲ್ಲ, ಕೊಳೆಯುವುದಿಲ್ಲ. ಆದರೆ ಎರಡೆರಡು ಅಡಿಯ ತುಂಡುಗಳು. 40 ಅಡಿಗೆ 19 ಜೋಡಣೆ. ಜೋಡಣೆಯ ಸಿಮೆಂಟು ಬಿರುಕು ಬಿಟ್ಟರೆ ಸಾಕು, ತೇವದ ಜಾಡು ಹಿಡಿದು ಬೇರು ಒಳಗೆ ಬರುತ್ತದೆ. ಬೀಡುಕಬ್ಬಿಣದ್ದಾದರೆ ಒಳಗಿನಿಂದ, ಅದೂ ತಳದಲ್ಲೇ ಮೊದಲು ತುಕ್ಕು ತಿನ್ನುತ್ತದಂತೆ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ನಿದ್ದೆ ಬಾರದೆ ರಾತ್ರಿಯೆಲ್ಲ ಇದನ್ನೇ ಓದಿದೆ. ಅಮೆರಿಕದಲ್ಲಿ ಮರದ ತಿರುಳಿಗೆ ಟಾರು ಕುಡಿಸಿ ಪೈಪು ಮಾಡಿ, 1940ರ ದಶಕದಿಂದ ಸುಮಾರು 1970ರವರೆಗೆ ಮನೆಮನೆಗೂ ಹೂತರಂತೆ. ಆರೆಂಜ್‌ಬರ್ಗ್ ಪೈಪು ಅಂತ ಹೆಸರು. ಮಣ್ಣಿನ ಭಾರಕ್ಕೆ ಅಪ್ಪಚ್ಚಿ! ಅದನ್ನು ಓದಿದ ಮೇಲೆ ಸ್ವಲ್ಪ ನಿದ್ದೆ ಬಂತು.

ಮೊಹೆಂಜೊದಾರೊದ ಇಟ್ಟಿಗೆ ಚರಂಡಿ ಸುಮಾರು 4,500 ವರ್ಷವಾದರೂ ಹಾಗೇ ಇದೆ ಅಂತ ಪ್ಲಂಬರಿಗೆ ಹೇಳಿದೆ. "ಅಲ್ಲೀಗ ಯಾರೂ ಸ್ನಾನ ಮಾಡಲ್ವಲ್ಲ ಮೇಡಂ" ಅಂದ. ಕೊಳ್ಳುವ ಮುಂಚೆ ಎಲ್ಲ ನಲ್ಲಿ ಒಟ್ಟಿಗೆ ಬಿಟ್ಟು, ಫ್ಲಶ್ ಮಾಡಿ, ಚೇಂಬರಿನ ಮುಚ್ಚಳ ತೆಗೆದು ನೀರು ಹೇಗೆ ಬರುತ್ತೆ ನೋಡಿದ್ದರೆ ಅರ್ಧ ಗಂಟೆಯಲ್ಲಿ ಗೊತ್ತಾಗುತ್ತಿತ್ತಂತೆ. ಗೋಡೆ ತಟ್ಟಲು ನಾವು ಎರಡು ಗಂಟೆ ತೆಗೆದುಕೊಂಡಿದ್ದೆವು.

ಈಗ ಅಂಗಳದ ಉದ್ದಕ್ಕೂ ಕಾಲುವೆ. 110 ಮಿಲಿಮೀಟರಿನ ಪಿವಿಸಿ ಪೈಪು, 40 ಅಡಿಗೆ ಒಂದು ಅಡಿ ಇಳಿಜಾರು. "ಇನ್ನೂ ಜಾಸ್ತಿ ಕೊಡಿ, ಬೇಗ ಹೋಗಲಿ" ಅಂದರು ನಮ್ಮನೆಯವರು. "ಜಾಸ್ತಿ ಕೊಟ್ಟರೆ ನೀರು ಮುಂದೆ ಓಡುತ್ತೆ ಸಾರ್, ಉಳಿದದ್ದು ಅಲ್ಲೇ ಕೂರುತ್ತೆ." ಉಳಿದದ್ದು ಏನು ಅಂತ ಇವರು ಕೇಳಲಿಲ್ಲ.

ಕಿತ್ತ ಬೇರಿನ ಕಂತೆ ಅಂಗಳದ ಮರದ ಬುಡದಲ್ಲೇ ಒಣಗುತ್ತಿದೆ. ನಿಜ ಹೇಳಬೇಕೆಂದರೆ ಈ ಮನೆ ಕೊಂಡದ್ದೇ ಆ ಮರದ ನೆರಳಿಗೆ. ಅದರ ಕೊಂಬೆಯಲ್ಲಿ ಯಾವತ್ತೋ ಕಟ್ಟಿದ್ದ ಉಯ್ಯಾಲೆಯ ಹಗ್ಗದ ಗುರುತು ಇನ್ನೂ ಇದೆ. ಮನೆ ಮಾರಿದ ಹಿರಿಯರ ಮಕ್ಕಳು ಮಿಂದ ನೀರನ್ನೆಲ್ಲ ಕುಡಿದು ಬೆಳೆದದ್ದು ಅದು. ನಿನ್ನೆ ಚೆನ್ನಾಗಿ ಬೈಯಬೇಕು ಅಂತಲೇ ಆ ಹಿರಿಯರಿಗೆ ಫೋನ್ ಮಾಡಿದೆ. ನಾನು ಬಾಯಿ ತೆರೆಯುವ ಮುಂಚೆ ಅವರೇ ಕೇಳಿದರು, "ಮರ ಹೇಗಿದೆಯಮ್ಮಾ?"

"ಗಟ್ಟಿ ಇದೆ" ಅಂದೆ.

ಕೆಲಸ ಮುಗಿಯಲು ಇನ್ನೂ ಎರಡು ದಿನ ಬೇಕಂತೆ. ಪಕ್ಕದ ಮನೆಯವರು ಸಂಜೆ ಬೀಗ ಹಾಕಿಕೊಂಡು ಎಲ್ಲಿಗೋ ಹೊರಟುಹೋದರು, ನಮಗೆ ಒಂದು ಮಾತೂ ಹೇಳಲಿಲ್ಲ. ಎದುರು ಮನೆಯವರ ಪರಿಚಯ ಇನ್ನೂ ಆಗಿಲ್ಲ. ಅವರ ಬಾಗಿಲು ತಟ್ಟಲು ನಮ್ಮನೆಯವರನ್ನೇ ಕಳಿಸಿದ್ದೇನೆ.