ಗೋಡೆ ಸ್ಮಾರ್ಟ್ ಆಯಿತು, ಪಾಠ ನಾಳೆ

ಮತ್ತೊಂದು ಸ್ಮಾರ್ಟ್ ಕ್ಲಾಸ್ ಉದ್ಘಾಟನೆಯ ಫೋಟೊ ಬಂದಿದೆ. ರಿಬ್ಬನ್, ಕತ್ತರಿ, ಹಾರ. ಹಿಂದೆ ಬೋರ್ಡಿನ ತುಂಬ 'ಸ್ವಾಗತ'. ಆ ಬೋರ್ಡು ತಡವರಿಸದೆ ತೋರಿಸುವ ಕೊನೆಯ ಅಕ್ಷರಗಳು ಬಹುಶಃ ಅವೇ.

ಏನೇ ಅನ್ನಿ, ಹೊಸತನಕ್ಕೆ ಕೈಮುಗಿಯಬೇಕು. ನಿನ್ನೆಯವರೆಗೆ ಮಕ್ಕಳು 47ನೇ ಪುಟವನ್ನು ಪುಸ್ತಕದಲ್ಲಿ ಓದುತ್ತಿದ್ದರು. ಇಂದು ಅದೇ ಪುಟದ ಪಿಡಿಎಫ್ ಗೋಡೆಯ ಮೇಲೆ, ಕಿಟಕಿಯ ಬಿಸಿಲಿಗೆ ಅರ್ಧ ಮಾಸಿ, ಕೊಂಚ ಓರೆಯಾಗಿ ಬೀಳುತ್ತದೆ. ಮೇಷ್ಟ್ರು ಓದುತ್ತಾರೆ, ಮಕ್ಕಳು ಬರೆದುಕೊಳ್ಳುತ್ತಾರೆ. ಪುಸ್ತಕ ಬ್ಯಾಗಿನಲ್ಲೇ ಇದೆ.

ಪ್ರೊಜೆಕ್ಟರಿಗೆ ಯಾರದಾದರೂ ಕೈ ತಾಗಿದರೆ ಕ್ಯಾಲಿಬ್ರೇಷನ್, ಅಂದರೆ ಪೆನ್ನಿಗೂ ಪರದೆಗೂ ಇರುವ ಹೊಂದಾಣಿಕೆ, ತಪ್ಪುತ್ತದೆ. ಪೆನ್ನು ಇಟ್ಟದ್ದು ಇಲ್ಲಿ, ಗೆರೆ ಮೂಡುವುದು ನಾಲ್ಕು ಬೆರಳು ಆಚೆ. ಪರದೆಯ ಚುಕ್ಕೆಗಳನ್ನು ಒಂದೊಂದಾಗಿ ಮುಟ್ಟುತ್ತ ಹೋದರೆ ಎರಡು ನಿಮಿಷದ ಕೆಲಸ. ಅದನ್ನು ಹೇಳಿಕೊಟ್ಟದ್ದು ಒಂದೇ ದಿನದ ತರಬೇತಿಯಲ್ಲಿ, ಊಟವಾದ ಮೇಲೆ. ಫಿಲ್ಟರಿನ ಧೂಳು ತೆಗೆಯಬೇಕೆಂದದ್ದೂ ಆಗಲೇ. ಧೂಳು ಕಟ್ಟಿದ ಪ್ರೊಜೆಕ್ಟರ್ ಬಿಸಿಯೇರಿ ತಾನಾಗಿಯೇ ಆಫ್ ಆಗುತ್ತದೆ. 'ಶಿಕ್ಷಕರಿಗೆ ತಂತ್ರಜ್ಞಾನ ಬಾರದು' ಎಂದು ವರದಿ ಹೋಗುತ್ತದೆ.

ಇನ್ನು ಇಂಟರ್ನೆಟ್. 40 ಟ್ಯಾಬ್, ಒಂದೊಂದರಲ್ಲೂ ವಿಡಿಯೊ. ಒಂದಕ್ಕೆ 2.5 ಎಂಬಿಪಿಎಸ್ ವೇಗ ಹಿಡಿದರೂ ಒಟ್ಟು 100 ಬೇಕು. ಇರುವ ಲೈನು 20ರದ್ದು. ಗುಣಾಕಾರ ಕಲಿಸುವ ಕೋಣೆಗೆ ಈ ಲೆಕ್ಕ ಹಾಕಿದವರಿಲ್ಲ. ಮಕ್ಕಳು ತಿರುಗುವ ಚಕ್ರ ನೋಡುತ್ತ ಕೂರುತ್ತಾರೆ. ಹತ್ತು ನಿಮಿಷದ ಆ ವಿಡಿಯೊ ಇನ್ನೂರು ಎಂಬಿ ಒಳಗೇ ಇರುತ್ತದೆ; ಹಿಂದಿನ ದಿನವೇ ಇಳಿಸಿ ಪೆನ್‌ಡ್ರೈವಿನಲ್ಲಿಟ್ಟರೆ ಮುಗಿಯಿತು. ಆದರೆ ಪೆನ್‌ಡ್ರೈವಿಗೆ ಯಾರು ರಿಬ್ಬನ್ ಕಟ್ಟುತ್ತಾರೆ?

ಈ ಹುಮ್ಮಸ್ಸು ಹೊಸದೇನಲ್ಲ. ಶಾಲೆಗಳಲ್ಲಿ ಪುಸ್ತಕಗಳ ಕಾಲ ಮುಗಿಯಿತು, ಇನ್ನು ಹತ್ತು ವರ್ಷದಲ್ಲಿ ಎಲ್ಲವೂ ಸಿನಿಮಾ ಎಂದು ಎಡಿಸನ್ 1913ರಲ್ಲೇ ಭವಿಷ್ಯ ನುಡಿದಿದ್ದ. 2005ರಲ್ಲಿ ಆಫ್ರಿಕಾದ ಟ್ಯುನಿಸ್‌ನಲ್ಲಿ, ಬಡ ದೇಶಗಳ ಮಕ್ಕಳಿಗೆಂದು, ನೂರು ಡಾಲರಿನ ಲ್ಯಾಪ್‌ಟಾಪ್ ಬಂತು. ಕರೆಂಟು ಇಲ್ಲದಿದ್ದರೆ ಹಿಡಿಕೆ ತಿರುಗಿಸಿದರಾಯಿತು ಎಂದರು. ವೇದಿಕೆಯ ಮೇಲೆ ವಿಶ್ವಸಂಸ್ಥೆಯ ಅಂದಿನ ಮುಖ್ಯಸ್ಥ ಕೋಫಿ ಅನ್ನಾನ್ ತಿರುಗಿಸಿದರು, ಹಿಡಿಕೆ ಕೈಗೇ ಬಂತು. ಮುಂದೆ ಮಾರಾಟದ ಮಾದರಿಯಲ್ಲಿ ಹಿಡಿಕೆಯೂ ಇರಲಿಲ್ಲ, ಬೆಲೆಯೂ ನೂರು ಡಾಲರಿಗೆ ನಿಲ್ಲಲಿಲ್ಲ. ಪೆರು ದೇಶ ಅವನ್ನು ಲಕ್ಷಗಟ್ಟಲೆ ಕೊಂಡು ಹಂಚಿತು. 2012ರ ಮೌಲ್ಯಮಾಪನದಲ್ಲಿ ಗಣಿತವಾಗಲಿ ಭಾಷೆಯಾಗಲಿ ಸುಧಾರಿಸಿದ್ದಕ್ಕೆ ಪುರಾವೆ ಸಿಗಲಿಲ್ಲ.

ನಗುವುದಕ್ಕೂ ಈಗ ಬೇಸರ. ಒಳ್ಳೆಯ ಸಾಮಗ್ರಿ ಇಲ್ಲವೆಂದಲ್ಲ. ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದ ಫೆಟ್ ಸಿಮ್ಯುಲೇಷನ್‌ಗಳು, ಅಂದರೆ ಪರದೆಯ ಮೇಲೆ ಮಾಡುವ ಪ್ರಯೋಗಗಳು, ಉಚಿತ, ಇಳಿಸಿಕೊಂಡರೆ ನೆಟ್ ಇಲ್ಲದೆಯೂ ನಡೆಯುತ್ತವೆ. ಬ್ಯಾಟರಿ, ತಂತಿ, ಬಲ್ಬು ಎಳೆದು ತಂದು ಸರ್ಕ್ಯೂಟ್ ಕಟ್ಟಬಹುದು. 'ಸರಣಿಯಲ್ಲಿ ಇನ್ನೊಂದು ಬಲ್ಬು ಸೇರಿಸಿದರೆ ಬೆಳಕು ಏನಾಗುತ್ತದೆ?' ಎಂದು ಮೊದಲು ಕೇಳಿ, ಉತ್ತರ ಬರೆಸಿ, ಆಮೇಲೆ ಸ್ವಿಚ್ ಒತ್ತಬೇಕು. ಮೊದಲೇ ಒತ್ತಿದರೆ ಅದು ಬರೀ ಕಾರ್ಟೂನು. ಆ ಪ್ರಶ್ನೆ ಹುಡುಕಲು ಶಿಕ್ಷಕಿಗೆ ಒಂದು ಗಂಟೆ ಬಿಡುವು ಕೊಡಿ ಅಂದರೆ ಕೊಡುವವರಿಲ್ಲ. ಇದ್ದ ಬಿಡುವಿನಲ್ಲಿ ಆಕೆ, ಸ್ಮಾರ್ಟ್ ಕ್ಲಾಸ್ ಎಷ್ಟು ಗಂಟೆ ಬಳಕೆಯಾಯಿತು ಎಂಬ ನಮೂನೆ ತುಂಬುತ್ತಿದ್ದಾಳೆ. ಇದಕ್ಕೆ ಯಾರಿಗೂ ನಾಚಿಕೆ ಇಲ್ಲ.

ಮುಂದಿನದು ಕಣ್ಣ ಮುಂದೆ ಕಾಲ್ಪನಿಕ ಲೋಕ ತೋರಿಸುವ ವಿಆರ್ ಕನ್ನಡಕವಂತೆ, ಮಗುವಿಗೊಂದು. ಎಲ್ಲಕ್ಕೂ ಚಾರ್ಜಿಂಗ್ ಬೇಕು. ಕೋಣೆಯಲ್ಲಿರುವ ಪ್ಲಗ್ ಪಾಯಿಂಟು ಎರಡು, ಒಂದರಲ್ಲಿ ಪ್ರೊಜೆಕ್ಟರ್ ಇದೆ.